ಪಾಠ ಶುರುವಾಗುವ ಮುಂಚಿನ ಒಂದು ತಿಂಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ದೂರಶಿಕ್ಷಣದಲ್ಲಿ ಕಂಪ್ಯೂಟರ್ ಕಲಿಯುವ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಮಿತಿಯವರು ಕೇಳಿದಾಗ ನಾನು ಹಿಂಜರಿದೆ. ನಮ್ಮ ಶಾಲೆಯಲ್ಲಿ ಓದಿ ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವವರು ಇಲ್ಲೇ ಕೂತಿದ್ದಾರೆ. ನಾನು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಆದರೆ ನನಗೂ ಒಂದು ಅರ್ಹತೆ ಇದೆ. ಈ ವಿಷಯದಲ್ಲಿ ನಾನು ಒಮ್ಮೆ ಫೇಲಾಗಿದ್ದೇನೆ, ಒಮ್ಮೆ ಪಾಸಾಗಿದ್ದೇನೆ. ಎರಡು ಸಲವೂ ತಲೆ ಇದೇ. ವ್ಯತ್ಯಾಸ ಇದ್ದದ್ದು ಪಾಠ ಶುರುವಾಗುವ ಮುಂಚಿನ ಒಂದು ತಿಂಗಳಲ್ಲಿ. ಆ ಒಂದು ತಿಂಗಳ ವಿಚಾರವನ್ನಷ್ಟೇ ಹೇಳುತ್ತೇನೆ.

ಮೊದಲ ಸಲ ಸೇರಿದ್ದು ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದ ಕಾಲದಲ್ಲಿ. ಪಿಯುಸಿ ಆದಮೇಲೆ ಕಾಲೇಜಿಗೆ ಹೋಗುವ ಅನುಕೂಲ ಇರಲಿಲ್ಲ. ಕಂಪ್ಯೂಟರ್ ಕಲಿತವರಿಗೆ ಕೆಲಸ ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಶುಲ್ಕ ಕಟ್ಟಿದರು. ಪಾರ್ಸೆಲ್ ಬಂದ ದಿನ ಪೂಜೆ ಮಾಡಿ ಬಿಚ್ಚಿದೆವು. ಎಲ್ಲವೂ ಇಂಗ್ಲಿಷ್. ಮೊದಲ ಪುಟದಲ್ಲೇ ಗೊತ್ತಿಲ್ಲದ ಇಪ್ಪತ್ತು ಪದ. ಎರಡು ತಿಂಗಳಿಗೆ ಓದು ನಿಂತಿತು. ಅಸೈನ್‌ಮೆಂಟನ್ನು ಇನ್ನೊಬ್ಬರದು ನೋಡಿ ಮುದ್ದಾಗಿ ನಕಲು ಮಾಡಿ ಕಳಿಸಿದೆ, ಒಳ್ಳೆಯ ಅಂಕವೇ ಬಂತು. ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ, ನನ್ನದೇ ಹೆಸರಲ್ಲಿ ಬರೆದು ಕಳಿಸಿದ ಉತ್ತರದ ಒಂದು ಸಾಲೂ ನನಗೆ ಅರ್ಥವಾಗಿರಲಿಲ್ಲ ಎಂದು ತಿಳಿಯಿತು. ಫೇಲಾದೆ. ಯಾರಿಗೂ ಹೇಳದೆ ಪುಸ್ತಕದ ಕಟ್ಟನ್ನು ಅಟ್ಟಕ್ಕೆ ಏರಿಸಿ ತೆಂಗಿನಕಾಯಿಯ ರಾಶಿಯ ಹಿಂದೆ ಇಟ್ಟೆ.

ನಮ್ಮ ಸೀಮೆಯವರಿಗೆ ಗೊತ್ತು, ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಕೂರಬೇಕು. ಆ ಕಾಯಿ ಇಳಿಸುವಾಗ ಅಪ್ಪನ ಕೈಗೆ ನನ್ನ ಕಟ್ಟು ಸಿಕ್ಕಿತು. ಬೈಯಲಿಲ್ಲ. ಧೂಳು ಒರೆಸಿ, "ಕಾಯಿ ಆದ್ರೆ ಅಟ್ಟದ ಮೇಲೆ ತಾನೇ ಕೊಬ್ಬರಿ ಆಗುತ್ತೆ ಕಣಪ್ಪ, ಪುಸ್ತಕ ಆಗಲ್ಲ" ಎಂದರು ಅಷ್ಟೆ. ರದ್ದಿಗೆ ಹಾಕಲಿಲ್ಲ, ಟ್ರಂಕಿನಲ್ಲಿ ಇಟ್ಟರು. ಆ ಮಾತು ಬೈಗುಳಕ್ಕಿಂತ ಹೆಚ್ಚು ದಿನ ನನ್ನನ್ನು ಕಾಡಿತು.

ವರ್ಷಗಳು ಕಳೆದವು. ಮಗಳು ಇದೇ ಶಾಲೆಯಲ್ಲಿ ಎಂಟನೇ ತರಗತಿಗೆ ಬಂದಾಗ, ಮನೆಪಾಠದಲ್ಲಿ ಒಂದು ಕಂಪ್ಯೂಟರ್ ಪ್ರಶ್ನೆ ಕೇಳಿದಳು. ನನಗೆ ಉತ್ತರ ಬರಲಿಲ್ಲ. ಅವತ್ತೇ ಮತ್ತೆ ಸೇರುತ್ತೇನೆ ಎಂದು ನಿಶ್ಚಯ ಮಾಡಿದೆ.

ಅಷ್ಟರಲ್ಲಿ ದೂರಶಿಕ್ಷಣ ಬಹಳ ಬದಲಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರುಮಾಡಿತ್ತು. 1985ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂದವು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ಬಂತು. ಅದರಲ್ಲಿ ಐಐಟಿಯ ಪ್ರಾಧ್ಯಾಪಕರ ಪಾಠವನ್ನು ಮೊಬೈಲಿನಲ್ಲೇ ಕೇಳಬಹುದು. ಕೇಳುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಪರೀಕ್ಷಾ ಶುಲ್ಕ ಕಟ್ಟಿ, ಕೇಂದ್ರಕ್ಕೆ ಖುದ್ದಾಗಿ ಹೋಗಿ ಬರೆಯಬೇಕು. ನಾನು ಆರಿಸಿಕೊಂಡದ್ದು ರೋಪರ್ ಐಐಟಿಯವರ 'ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್' ಎಂಬ 12 ವಾರದ ಕೋರ್ಸು. ಪೈಥಾನ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅಪ್ಪನಿಗೆ ಹೇಳಿದೆ. "ಈ ಸಲ ಪುಸ್ತಕ ಎಷ್ಟು ದಪ್ಪ?" ಎಂದರು. ಪುಸ್ತಕ ಇಲ್ಲ, ಎಲ್ಲ ಫೋನಿನಲ್ಲೇ ಎಂದೆ. "ಒಳ್ಳೇದೇ ಆಯ್ತು, ಅಟ್ಟಕ್ಕೆ ಹಾಕೋಕೆ ಆಗಲ್ಲ" ಎಂದರು.

ಪಾಠ ಶುರುವಾಗಲು ಒಂದು ತಿಂಗಳಿತ್ತು. ನಮಗೆ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರ ಹತ್ತಿರ ಹೋದೆ. ಹಳೆಯ ಕಥೆಯನ್ನೆಲ್ಲ ಕೇಳಿ ಅವರು ಹೇಳಿದ್ದು ವಿಚಿತ್ರವಾಗಿತ್ತು: "ಈ ತಿಂಗಳು ಕಂಪ್ಯೂಟರ್ ಮುಟ್ಟಬೇಡ. ಪೆನ್ಸಿಲ್, ಕಾಗದ, ಗಡಿಯಾರ ಸಾಕು."

ಮೊದಲು ಗಡಿಯಾರ. ಬೆಳಿಗ್ಗೆ ಐದರಿಂದ ಆರು, ದಿನಾ. ಓದಲು ಏನೂ ಇಲ್ಲದಿದ್ದರೂ ಆ ಜಾಗದಲ್ಲಿ ಕೂರಬೇಕು. ಮೊದಲ ವಾರ ತೂಕಡಿಸಿದೆ. ಮೂರನೇ ವಾರಕ್ಕೆ ಮನೆಯವರೂ ಆ ಹೊತ್ತಿನಲ್ಲಿ ನನ್ನನ್ನು ಕರೆಯುವುದು ಬಿಟ್ಟರು. ದೂರಶಿಕ್ಷಣದಲ್ಲಿ ಗಂಟೆ ಹೊಡೆಯುವವರು ಇಲ್ಲ, ಹಾಜರಿ ಕೂಗುವವರು ಇಲ್ಲ. ಆ ಗಂಟೆಯನ್ನು ನಾವೇ ಮೊದಲು ಕಟ್ಟಿಕೊಳ್ಳಬೇಕು. ಪಾಠ ಬಂದಮೇಲೆ ಸಮಯ ಹುಡುಕುತ್ತೇನೆ ಎಂದವರಿಗೆ ಸಮಯ ಸಿಗುವುದಿಲ್ಲ.

ಎರಡನೆಯದು ಲೆಕ್ಕ. ಕಂಪ್ಯೂಟರಿಗೆ ಸೊನ್ನೆ ಮತ್ತು ಒಂದು ಮಾತ್ರ ಗೊತ್ತು ಎಂದು ಓದಿದ್ದೆ, ಅರ್ಥವಾಗಿರಲಿಲ್ಲ. ಮೇಷ್ಟ್ರು ನಮ್ಮ ಅಜ್ಜಿಯರ ಅಳತೆಯ ಪಾತ್ರೆಗಳನ್ನು ನೆನಪಿಸಿದರು: ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು. ಪ್ರತಿಯೊಂದೂ ಹಿಂದಿನದರ ಅರ್ಧ. ಚಟಾಕಿನ ಲೆಕ್ಕದಲ್ಲಿ ಹೇಳಿದರೆ 16, 8, 4, 2, 1. ಈಗ 13 ಚಟಾಕು ರಾಗಿ ಬೇಕು, ಒಂದೊಂದು ಪಾತ್ರೆಯನ್ನು ಒಂದೇ ಸಲ ಬಳಸಬೇಕು. ಸೇರು ಬೇಡ, ಅಚ್ಚೇರು ಬೇಕು, ಪಾವು ಬೇಕು, ಅರೆಪಾವು ಬೇಡ, ಚಟಾಕು ಬೇಕು. ಬೇಕು ಎಂಬಲ್ಲಿ 1, ಬೇಡ ಎಂಬಲ್ಲಿ 0 ಬರೆಯಿರಿ: 01101. ಅದೇ 13. ಐದು ಪಾತ್ರೆಯಲ್ಲಿ 1ರಿಂದ 31 ಚಟಾಕಿನವರೆಗೆ ಯಾವ ಅಳತೆಯನ್ನು ಬೇಕಾದರೂ ಅಳೆಯಬಹುದು. ಮಕ್ಕಳೇ, ಇವತ್ತು ಮನೆಗೆ ಹೋಗಿ 22 ಚಟಾಕು ಬರೆದು ನೋಡಿ. ಇದನ್ನೇ ದ್ವಿಮಾನ ಪದ್ಧತಿ ಎನ್ನುತ್ತಾರೆ. ನಮ್ಮ ಅಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಮೂರನೆಯದು ಕ್ರಮ. ಒಂದು ಕೆಲಸವನ್ನು ಏನೂ ತಿಳಿಯದವನಿಗೆ ಹಂತ ಹಂತವಾಗಿ ಹೇಳುವುದು. ಶಾಲಾ ಪ್ರವಾಸದಲ್ಲಿ ಹಳೇಬೀಡು, ಬೇಲೂರು ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಅರಸೀಕೆರೆಯ ಈಶ್ವರ ದೇವಾಲಯವಂತೂ ಪಕ್ಕದಲ್ಲೇ ಇದೆ. ಹೊಯ್ಸಳರ ಗುಡಿಗಳ ನಕ್ಷತ್ರಾಕಾರದ ತಳ ಎಲ್ಲರಿಗೂ ನೆನಪಿರುತ್ತದೆ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ತಿರುಗಿಸುತ್ತ ಹೋದರೆ ಅಂಥ ನಕ್ಷತ್ರ ಮೂಡುತ್ತದೆ ಎಂದು ತಿಳಿದವರು ವಿವರಿಸುತ್ತಾರೆ. ಮೇಷ್ಟ್ರು ರಟ್ಟಿನ ಚೌಕಕ್ಕೆ ನಡುವೆ ಗುಂಡುಸೂಜಿ ಚುಚ್ಚಿಸಿದರು. ಸುತ್ತ ಗೆರೆ ಎಳೆ, ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸು, ಮತ್ತೆ ಎಳೆ. ನಾಲ್ಕು ಚೌಕ ಎಳೆದರೆ ಹದಿನಾರು ಮೂಲೆಯ ನಕ್ಷತ್ರ ಸಿದ್ಧ. "ಇದನ್ನು ಚೌಕ ಎಂದರೆ ಏನೆಂದೇ ಗೊತ್ತಿಲ್ಲದವನಿಗೆ ಬರೆದು ತೋರಿಸು" ಎಂದರು. ಒಂದು ಸಂಜೆ ಹಿಡಿಯಿತು. ಮೊದಲು ಹನ್ನೆರಡು ಸಾಲಾಯಿತು. ಒಂದೇ ಮಾತನ್ನು ನಾಲ್ಕು ಸಲ ಬರೆಯುವ ಬದಲು 'ನಾಲ್ಕು ಸಲ ಮಾಡು' ಎಂದರೆ ಸಾಕೆಂದು ಹೊಳೆದಾಗ ಐದು ಸಾಲಾಯಿತು.

ಮುಂದೆ ಕೋರ್ಸಿನ ದಿನಗಳಲ್ಲಿ ಅದನ್ನೇ ಪೈಥಾನಿನಲ್ಲಿ ಬರೆದೆ. ಅದರಲ್ಲಿ 'ಟರ್ಟಲ್' ಎಂದು ಒಂದಿದೆ. ಪರದೆಯ ಮೇಲೆ ಆಮೆ ನಡೆದಂತೆ ಗೆರೆ ಎಳೆಯುತ್ತದೆ. ಓಡಿಸಿದರೆ ನಕ್ಷತ್ರ ಬರಲಿಲ್ಲ, ಬೀಸಣಿಗೆ ಬಂತು! ಹಿಂದಿನ ನಾನಾಗಿದ್ದರೆ ಅಲ್ಲಿಗೇ ಮುಚ್ಚಿಡುತ್ತಿದ್ದೆ. ಆದರೆ ಈ ಸಲ ಕೈಗೆ ಗುಂಡುಸೂಜಿಯ ನೆನಪಿತ್ತು. ರಟ್ಟನ್ನು ನಡುವಿನಿಂದ ತಿರುಗಿಸಿದ್ದೆ, ಆಮೆ ಮೂಲೆಯಿಂದ ತಿರುಗಿತ್ತು. ಪ್ರತಿ ಚೌಕಕ್ಕೂ ಮುಂಚೆ ನಡುವಿನಿಂದ ಮೂಲೆಗೆ ಹೋಗು, ಚೌಕವಾದಮೇಲೆ ನಡುವಿಗೆ ವಾಪಸ್ಸು ಬಾ ಎಂದು ಸೇರಿಸಿದೆ. ನಕ್ಷತ್ರ ಬಂತು. ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ, ನಾನು ಹೇಳಿದ್ದನ್ನೇ ಮಾಡಿತ್ತು. ಕಾಗದದ ಮೇಲೆ ಮಾಡಿದ್ದರಿಂದ ನನ್ನ ತಪ್ಪು ನನಗೇ ಕಂಡಿತು.

ನಾಲ್ಕನೆಯದು ಇಂಗ್ಲಿಷ್. ಕನ್ನಡ ಮಾಧ್ಯಮದವರನ್ನು ಹೆದರಿಸುವುದೇ ಇದು. ಕಥೆ ಪುಸ್ತಕ ಓದುವಷ್ಟು ಇಂಗ್ಲಿಷ್ ಇದಕ್ಕೆ ಬೇಡ. ಇಫ್, ಎಲ್ಸ್, ಫಾರ್, ವೈಲ್, ಪ್ರಿಂಟ್, ಇಂಥ ಪದಗಳು ಮತ್ತೆ ಮತ್ತೆ ಬರುತ್ತವೆ. ಎರಡು ರೂಲಿನ ಪುಸ್ತಕದಲ್ಲಿ ದಿನಕ್ಕೆ ಮೂರು ಪದ, ಎದುರಿಗೆ ಕನ್ನಡದಲ್ಲಿ ಅರ್ಥ, ನನ್ನದೇ ಒಂದು ಉದಾಹರಣೆ. ಇಫ್ ಎಂಬುದರ ಎದುರಿಗೆ ನಾನು ಬರೆದದ್ದು: 'ಹಾಸನದ ರೈಲಾದರೆ ಹತ್ತು, ಇಲ್ಲವಾದರೆ ಕಾಯಿ.' ತಿಂಗಳಿಗೆ ತೊಂಬತ್ತು ಪದವಾಯಿತು. ಪಾಠ ಶುರುವಾದಾಗ ಮೇಷ್ಟ್ರ ಇಂಗ್ಲಿಷ್ ಪೂರ್ತಿ ಹಿಡಿಯಲಿಲ್ಲ, ಆದರೆ ಕಲ್ಲು ಕಲ್ಲಿನ ಮೇಲೆ ಕಾಲಿಟ್ಟು ಹಳ್ಳ ದಾಟುವಷ್ಟು ಸಿಕ್ಕಿತು. ಮಿಕ್ಕಿದ್ದಕ್ಕೆ ವಿಡಿಯೋ ನಿಲ್ಲಿಸಿ ಮತ್ತೆ ಕೇಳಿದೆ. ತರಗತಿಯಲ್ಲಿ ಮೇಷ್ಟ್ರನ್ನು ಹತ್ತು ಸಲ ಕೇಳಲು ನಾಚಿಕೆಯಾಗುತ್ತದೆ, ವಿಡಿಯೋಗೆ ಬೇಸರವಿಲ್ಲ.

ಕೊನೆಯದು, ನನಗೆ ಹೇಳಲು ಕಷ್ಟವಾದದ್ದು. ನಕಲು ಮಾಡಬೇಡಿ. ಬೇಲೂರಿನ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಇಂದಿಗೂ ಅಲ್ಲಿವೆ. ಒಂಬೈನೂರು ವರ್ಷದ ಹಿಂದಿನ ಆ ರುಜು ನೋಡಿದಾಗಲೆಲ್ಲ ನನ್ನ ಮೊದಲ ಅಸೈನ್‌ಮೆಂಟ್ ನೆನಪಾಗುತ್ತದೆ. ಅವರು ಕೆತ್ತಿ ಹೆಸರು ಹಾಕಿದರು. ನಾನು ಕೆತ್ತದೆ ಹಾಕಿದ್ದೆ. ಎರಡನೇ ಸಲ ಹತ್ತಕ್ಕೆ ಐದು ಬಂದ ವಾರವೂ ಇತ್ತು. ಆದರೆ ಆ ಐದು ನನ್ನದು. ಪರೀಕ್ಷೆ ಮುಗಿಸಿ ಬರುವಾಗ ಮೊದಲ ಸಲದಂತೆ ತಲೆ ತಗ್ಗಿಸಲಿಲ್ಲ. ಪಾಸಾದೆ.

ಇದರಿಂದ ನನಗೆ ದೊಡ್ಡ ಕೆಲಸವೇನೂ ಸಿಗಲಿಲ್ಲ, ಸುಳ್ಳು ಹೇಳುವುದಿಲ್ಲ. ಮಂಡಿಯಲ್ಲಿ ಚೀಲದ ತೂಕ ಕಳೆದು ರೈತರ ಲೆಕ್ಕ ತೆಗೆಯುವ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಲೆಕ್ಕವನ್ನು ರೈತನೇ ಪರದೆಯ ಮೇಲೆ ನೋಡಬಹುದು. ಮಗಳು ಪ್ರಶ್ನೆ ಕೇಳಿದರೆ ಪಕ್ಕದಲ್ಲಿ ಕೂರುತ್ತೇನೆ. ಅಷ್ಟು ಸಾಕು.

ಈಗ ಊರಿನವರಲ್ಲಿ ಒಂದು ಕೋರಿಕೆ. ಹತ್ತನೇ ತರಗತಿ ಆದಮೇಲೆ ಓದು ನಿಲ್ಲಿಸುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ನಮ್ಮಲ್ಲಿ ಇನ್ನೂ ಇದ್ದಾರೆ. ಅರಸೀಕೆರೆಗೋ ಹಳೇಬೀಡಿಗೋ ಬಸ್ಸಿಲ್ಲ, ಸಂಜೆ ಕತ್ತಲಾಗುತ್ತದೆ ಎಂಬುದು ಕಾರಣ. ದೂರಶಿಕ್ಷಣ ಇರುವುದೇ ಅವರಿಗಾಗಿ. ಆದರೆ ಫೋನ್ ಕೊಡಿಸಿ ಸುಮ್ಮನಾದರೆ ಅದೂ ಅಟ್ಟದ ಮೇಲಿನ ಪುಸ್ತಕವಾಗುತ್ತದೆ. ಅವರಿಗೆ ಒಂದು ಜಾಗ, ಒಂದು ಹೊತ್ತು, ಜೊತೆಗೆ ಒಬ್ಬರು ಬೇಕು. ಹಳೆಯ ವಿದ್ಯಾರ್ಥಿಗಳು ಒಪ್ಪಿ, ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಈ ಶಾಲೆಯ ಒಂದು ಕೋಣೆ ತೆರೆದಿರಲಿ. ಕೋರ್ಸಿಗೆ ಸೇರುವ ಮೊದಲ ಒಂದು ತಿಂಗಳು ಅಲ್ಲಿ ಪೆನ್ಸಿಲ್, ಕಾಗದದ ತಯಾರಿ ನಡೆಯಲಿ. ಬೀಗದ ಕೈ ಇಟ್ಟುಕೊಳ್ಳುವ ಜವಾಬ್ದಾರಿ ನನ್ನದು. ರಟ್ಟು, ಗುಂಡುಸೂಜಿಯನ್ನೂ ನಾನೇ ತರುತ್ತೇನೆ.