ದಣಿದ ಎತ್ತಿಗೆ ಬಾರುಕೋಲು



ಮಾದಕ ವಸ್ತು ಎಂದೊಡನೆ ಮತ್ತು, ಮಂಪರು, ಮೈಮರೆವು ಮನಸ್ಸಿಗೆ ಬರುತ್ತವೆ. ಅಫೀಮು, ಗಾಂಜಾ, ಹೆಂಡಗಳ ಹಳೆಯ ಪರಿಚಯವೇ ಇದಕ್ಕೆ ಕಾರಣ. ಆದರೆ ಮನುಷ್ಯನನ್ನು ಮಲಗಿಸುವ ಬದಲು ಎಬ್ಬಿಸಿ ಕೂರಿಸುವ, ದುಡಿಮೆಯ ಹೆಸರು ಹೇಳಿಕೊಂಡೇ ಮನೆಯೊಳಗೆ ಬಂದ ಇನ್ನೊಂದು ಬಗೆಯ ಮಾದಕ ದ್ರವ್ಯವಿದೆ. ಆಂಫೆಟಮೈನ್, ಮೆಥಾಂಫೆಟಮೈನ್ ಮೊದಲಾದ ಕೃತಕ ಉತ್ತೇಜಕಗಳು ಈ ಗುಂಪಿಗೆ ಸೇರುತ್ತವೆ. ಇವು ಹೊಲದಲ್ಲಿ ಬೆಳೆದ ವಸ್ತುಗಳಲ್ಲ, ಪ್ರಯೋಗಶಾಲೆಯಲ್ಲಿ ಹುಟ್ಟಿದವು. ಇವುಗಳ ಅಪಾಯ ಅರ್ಥವಾಗಬೇಕಾದರೆ ಮೊದಲು ಇವುಗಳ ಚರಿತ್ರೆಯನ್ನು ತಿಳಿಯಬೇಕು.

ಜಪಾನಿನ ನಾಗಾಯಿ ನಾಗಾಯೋಶಿ ಬರ್ಲಿನ್ನಿನಲ್ಲಿ ರಸಾಯನಶಾಸ್ತ್ರ ಕಲಿತು ತಾಯ್ನಾಡಿಗೆ ಮರಳಿದ ವಿಜ್ಞಾನಿ. ಚೀನಾದ ನಾಟಿ ವೈದ್ಯರು ದಮ್ಮು, ಕೆಮ್ಮುಗಳಿಗೆ ಬಳಸುತ್ತಿದ್ದ ಮಾ ಹುವಾಂಗ್ ಎಂಬ ಗಿಡದಿಂದ 1885ರಲ್ಲಿ ಅವರು ಎಫೆಡ್ರಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದನ್ನೇ ಮೂಲವಾಗಿಟ್ಟುಕೊಂಡು 1893ರಲ್ಲಿ ಮೆಥಾಂಫೆಟಮೈನ್ ತಯಾರಿಸಿದರು. ಅದಕ್ಕೆ ಮೊದಲೇ, 1887ರಲ್ಲಿ, ರುಮೇನಿಯಾದ ಲಜಾರ್ ಎಡೆಲಿಯಾನು ಬರ್ಲಿನ್ನಿನಲ್ಲಿ ಆಂಫೆಟಮೈನ್ ತಯಾರಿಸಿದ್ದರು. ಈ ಎರಡೂ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದವು. 1930ರ ದಶಕದಲ್ಲಿ ಅಮೆರಿಕದ ಔಷಧದಂಗಡಿಗಳಿಗೆ ‘ಬೆಂಜೆಡ್ರಿನ್’ ಎಂಬ ಹೆಸರಿನಲ್ಲಿ ಆಂಫೆಟಮೈನ್ ಬಂದದ್ದು ಕಟ್ಟಿದ ಮೂಗನ್ನು ತೆರೆಯುವ ಮದ್ದಾಗಿ. ಕೊಂಡವರಲ್ಲಿ ಕೆಲವರು ಆ ಕೊಳವೆಯನ್ನು ಒಡೆದು, ಒಳಗಿದ್ದ ಔಷಧ ಹೀರಿದ ಕಾಗದದ ಪಟ್ಟಿಯನ್ನೇ ನುಂಗತೊಡಗಿದರು.

ಯುದ್ಧ ಈ ಮದ್ದಿಗೆ ದೊಡ್ಡ ಮಾರುಕಟ್ಟೆ ಒದಗಿಸಿತು. ಜರ್ಮನಿಯಲ್ಲಿ ಮೆಥಾಂಫೆಟಮೈನ್ ಮಾತ್ರೆ 1938ರಲ್ಲಿ ‘ಪೆರ್ವಿಟಿನ್’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. 1940ರಲ್ಲಿ ಫ್ರಾನ್ಸಿನ ಮೇಲೆ ದಾಳಿ ನಡೆದ ತಿಂಗಳುಗಳಲ್ಲಿ ಸೇನೆಗೆ ಇಂಥ ಮಾತ್ರೆಗಳು ಕೋಟಿಗಟ್ಟಲೆ ಸರಬರಾಜಾದವು. ನಿದ್ದೆಯಿಲ್ಲದೆ ಟ್ಯಾಂಕು ನಡೆಸುವ ಸೈನಿಕನಿಗೆ ಅದು ವರವಾಗಿ ಕಂಡಿತು. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಕಾದಂಬರಿಕಾರ ಹೈನ್ರಿಶ್ ಬ್ಯೋಲ್, ಸೈನಿಕರಾಗಿದ್ದಾಗ ಪೆರ್ವಿಟಿನ್ ಕಳುಹಿಸುವಂತೆ ಮನೆಗೆ ಪತ್ರ ಬರೆದಿದ್ದರು. ಬ್ರಿಟನ್, ಅಮೆರಿಕದ ಸೈನ್ಯಗಳೂ ಆಂಫೆಟಮೈನ್ ಹಂಚಿದವು. ಮಾತ್ರೆ ನುಂಗಿ ಎದ್ದವರು ಆಮೇಲೆ ಕುಸಿದು ಬೀಳುವುದೂ, ಮತ್ತೆ ಮತ್ತೆ ಬೇಡುವುದೂ ವೈದ್ಯರ ಗಮನಕ್ಕೆ ಬಂತು. 1941ರಲ್ಲಿ ಜರ್ಮನಿಯೇ ಪೆರ್ವಿಟಿನ್ನನ್ನು ಅಫೀಮು ಕಾನೂನಿನ ಹಿಡಿತಕ್ಕೆ ತಂದಿತು.

ಇದರ ಪೂರ್ಣ ಬೆಲೆ ತೆತ್ತದ್ದು ಜಪಾನ್. ಅಲ್ಲಿ 1941ರಲ್ಲಿ ಮಾರಾಟಕ್ಕೆ ಬಂದ ಮಾತ್ರೆಯ ಹೆಸರು ‘ಫಿಲೋಪಾನ್’. ದುಡಿಮೆಯ ಮೇಲಿನ ಪ್ರೀತಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು. ವಿಮಾನ ಚಾಲಕರಿಗೂ ಮದ್ದುಗುಂಡು ಕಾರ್ಖಾನೆಯ ರಾತ್ರಿ ಪಾಳಿಯವರಿಗೂ ಇದನ್ನು ಕೊಡಲಾಯಿತು. 1945ರಲ್ಲಿ ದೇಶ ಸೋತು ಶರಣಾಯಿತು. ಆಗ ಉಳಿದ ದಾಸ್ತಾನು ಪೇಟೆಗೆ ಹರಿಯಿತು. ಸುಟ್ಟ ನಗರಗಳಲ್ಲಿ ಅನ್ನಕ್ಕೆ ಪರದಾಡುತ್ತಿದ್ದ ಜನಕ್ಕೆ ಹಸಿವನ್ನೂ ದಣಿವನ್ನೂ ಮರೆಸುವ ವಸ್ತು ಅಗ್ಗಕ್ಕೆ ಸಿಕ್ಕಿತು. ಬರಹಗಾರರು, ಕಲಾವಿದರು, ಕೂಲಿಗಳು, ಹದಿಹರೆಯದ ಹುಡುಗರು ಎಲ್ಲರೂ ಇದಕ್ಕೆ ಬಲಿಯಾದರು. 1951ರಲ್ಲಿ ಉತ್ತೇಜಕ ನಿಯಂತ್ರಣ ಕಾನೂನು ಬಂತು. ಆದರೂ 1954ರ ಒಂದೇ ವರ್ಷದಲ್ಲಿ 55 ಸಾವಿರಕ್ಕೂ ಹೆಚ್ಚು ಜನರ ಬಂಧನವಾಯಿತು. ಶಿಕ್ಷೆ ಬಿಗಿಯಾಗಿ, ಊರೂರಿನಲ್ಲಿ ಪ್ರಚಾರ ನಡೆದು, ವ್ಯಸನಿಗಳಿಗೆ ಆಸ್ಪತ್ರೆಯ ಏರ್ಪಾಡಾದ ಮೇಲೆಯೇ ಪಿಡುಗು ತಗ್ಗಿದ್ದು. 1970ರ ದಶಕದಲ್ಲಿ ಭೂಗತ ತಂಡಗಳ ಕೈಯಿಂದ ಅದು ಮತ್ತೆ ತಲೆಯೆತ್ತಿತು.

ಈ ಮದ್ದು ದೇಹದಲ್ಲಿ ಮಾಡುವುದೇನು? ಮಿದುಳಿನ ನರಕೋಶಗಳು ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಅಗತ್ಯ ಬಿದ್ದಾಗ ಅಳತೆಯಲ್ಲಿ ಬಿಡುತ್ತವೆ. ಉತ್ಸಾಹ, ಎಚ್ಚರ, ಸಂತೋಷಗಳು ಇವುಗಳನ್ನು ಅವಲಂಬಿಸಿವೆ. ಉತ್ತೇಜಕ ಈ ಕಣಜದ ಬಾಗಿಲನ್ನೇ ತೆರೆದುಬಿಡುತ್ತದೆ. ಆ ಗಳಿಗೆಯಲ್ಲಿ ಬಲ ಬಂದಂತೆ ಭಾಸವಾದರೂ ಹೊಸ ಬಲವೇನೂ ಹುಟ್ಟಿರುವುದಿಲ್ಲ. ದಣಿದ ಎತ್ತಿಗೆ ಹುಲ್ಲು ನೀರು ತೋರಿಸದೆ ಬಾರುಕೋಲಿನಿಂದ ಬಾರಿಸಿದರೆ ಅದು ಇನ್ನೊಂದು ಸಾಲು ಉತ್ತೀತು, ಆದರೆ ಬಾರುಕೋಲು ಮೇವಾಗದು. ಎದೆ ಬಡಿತ, ರಕ್ತದೊತ್ತಡ, ಮೈಬಿಸಿ ಏರುತ್ತವೆ, ಹಸಿವು ಅಡಗುತ್ತದೆ, ನಿದ್ದೆ ದೂರವಾಗುತ್ತದೆ. ಕಣಜ ಬರಿದಾದಾಗ ಬರುವುದು ಮಂಕು, ಬೇಸರ, ಕೆಲವೊಮ್ಮೆ ಆತ್ಮಹತ್ಯೆಯ ಯೋಚನೆ. ಅದನ್ನು ತಪ್ಪಿಸಿಕೊಳ್ಳಲು ಮತ್ತೊಂದು ಮಾತ್ರೆ, ಹಿಂದಿನದಕ್ಕಿಂತ ದೊಡ್ಡ ಪ್ರಮಾಣ. ವ್ಯಸನ ಬೇರೂರುವುದು ಹೀಗೆ.

1967ರ ಜುಲೈ 13ರಂದು ಫ್ರಾನ್ಸಿನ ಪ್ರಸಿದ್ಧ ಸೈಕಲ್ ಸ್ಪರ್ಧೆಯಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಉರಿಬಿಸಿಲಿನಲ್ಲಿ ಮೋಂ ವಾಂತು ಬೆಟ್ಟವನ್ನು ಏರುತ್ತಿದ್ದರು. ಒಮ್ಮೆ ಬಿದ್ದು, ಮತ್ತೆ ಸೈಕಲ್ ಹತ್ತಿ, ಸ್ವಲ್ಪ ದೂರದಲ್ಲಿ ಕುಸಿದು ಪ್ರಾಣ ಬಿಟ್ಟರು. ವಯಸ್ಸು 29. ಶವಪರೀಕ್ಷೆಯಲ್ಲಿ ಆಂಫೆಟಮೈನ್ ಪತ್ತೆಯಾಯಿತು. ಸಾಕು ನಿಲ್ಲಿಸು ಎಂದು ದೇಹ ಹೇಳುವ ಮಾತು ಮನಸ್ಸಿಗೆ ಕೇಳಿಸದಂತೆ ಮಾಡುವುದೇ ಈ ಮದ್ದಿನ ಕೆಲಸ.

ಮನಸ್ಸಿಗಾಗುವ ಕೇಡೂ ಸಣ್ಣದಲ್ಲ. ಲಂಡನ್ನಿನ ಮನೋವೈದ್ಯ ಫಿಲಿಪ್ ಕಾನಲ್ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಂಫೆಟಮೈನ್ ಸೇವಿಸಿದವರಲ್ಲಿ ಕಾಣುವ ಚಿತ್ತವಿಕಾರವನ್ನು ವಿವರಿಸಿದರು. ಯಾರೋ ಹಿಂಬಾಲಿಸುತ್ತಿದ್ದಾರೆ, ಮನೆಯವರೇ ಸಂಚು ಹೂಡಿದ್ದಾರೆ ಎಂಬ ಸಂಶಯ, ಇಲ್ಲದ ಧ್ವನಿ ಕೇಳಿಸುವುದು ಇದರ ಲಕ್ಷಣಗಳು. ಥಾಯ್ಲೆಂಡಿನಲ್ಲಿ ಲಾರಿ ಚಾಲಕರೂ ಕೂಲಿಗಳೂ ನುಂಗುತ್ತಿದ್ದ ಮೆಥಾಂಫೆಟಮೈನ್ ಮಾತ್ರೆಗೆ ‘ಯಾ ಮಾ’, ಎಂದರೆ ಕುದುರೆ ಮದ್ದು, ಎಂಬ ಹೆಸರಿತ್ತು. 1996ರಲ್ಲಿ ಅಲ್ಲಿನ ಸರ್ಕಾರ ಅದನ್ನು ‘ಯಾ ಬಾ’, ಹುಚ್ಚು ಮದ್ದು, ಎಂದು ಕರೆಯಿತು.

ಕೆಲವು ಕಾಯಿಲೆಗಳಿಗೆ ಹಲವು ದೇಶಗಳ ವೈದ್ಯರು ಇಂಥ ಔಷಧವನ್ನು ಅಳತೆ ಮಾಡಿ, ನಿಗಾ ಇಟ್ಟು ಕೊಡುವುದುಂಟು. ಬೀದಿಯಲ್ಲಿ ಸಿಗುವ ಪುಡಿಗೆ ಅಳತೆಯೂ ಇಲ್ಲ, ನಿಗಾವೂ ಇಲ್ಲ. ಅದರಲ್ಲಿ ಏನು ಬೆರೆತಿದೆಯೆಂಬುದು ಎಷ್ಟೋ ಸಲ ಮಾರುವವನಿಗೂ ತಿಳಿಯದು. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯಡಿ ಅಕ್ರಮ ಮಾರಾಟ, ಸಾಗಣೆಗಳಂತೆ ಸೇವನೆಯೂ ಅಪರಾಧ. ಆದರೆ ಸ್ವಂತ ಸೇವನೆಯ ಪ್ರಕರಣಗಳಲ್ಲಿ, ತಾನಾಗಿಯೇ ಚಿಕಿತ್ಸೆಗೆ ಮುಂದೆ ಬರುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ವಿಧಿಯೂ ಅದೇ ಕಾಯ್ದೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ವಿಭಾಗವಿದೆ. 14446 ಎಂಬ ಉಚಿತ ಸಹಾಯವಾಣಿಯಲ್ಲಿ ಸಲಹೆ ದೊರೆಯುತ್ತದೆ. ಮಗ ಹಾದಿ ತಪ್ಪಿದನೆಂದು ಬಾಗಿಲು ಹಾಕಿಕೊಳ್ಳುವ ಮನೆಗಳು ಇದನ್ನು ತಿಳಿದಿರಬೇಕು.

ನಾಳೆ ಪರೀಕ್ಷೆ, ಇಂದು ಒಂದೇ ರಾತ್ರಿ, ಒಂದೇ ಮಾತ್ರೆ ಎಂದು ಗೆಳೆಯ ಕೈ ಚಾಚಿದಾಗ ಫಿಲೋಪಾನ್ ಎಂಬ ಹೆಸರು ನೆನಪಿರಲಿ. ಅದನ್ನು ನುಂಗಿದ ಸೈನಿಕನೂ ಕಾರ್ಮಿಕನೂ ಸುಖ ಹುಡುಕಿ ಹೋದವರಲ್ಲ, ಇನ್ನಷ್ಟು ದುಡಿಯಲು ಹೊರಟವರು. ದಣಿವು ದೇಹದ ಕಾವಲುಗಾರ. ಅವನು ಕೂಗಿದಾಗ ಎರಡು ತುತ್ತು ಉಂಡು ಮಲಗುವುದೇ ಲೇಸು. ಓದು ಮರುದಿನ ಬೆಳಗಿಗೂ ಉಳಿದಿರುತ್ತದೆ.