ಮೂಲತಳಿಯ ಒಡೆತನ



ಅಪ್ರಮೇಯಸ್ವಾಮಿಯ ಸನ್ನಿಧಿಯಲ್ಲಿ, ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ ಹೊತ್ತು ದಂಪತಿಗಳು ಬಂದುಹೋಗುವ ಈ ದೊಡ್ಡಮಳೂರಿನಲ್ಲಿ ಜೈವಿಕ ತಂತ್ರಜ್ಞಾನದ ಉದ್ಯಮವನ್ನು ಕುರಿತು ಸಭೆ ಸೇರುವುದೆಂದರೆ, ಅಂಥ ಸಭೆಗಳನ್ನು ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿಯೇ ಕಂಡು ರೂಢಿಯಾದ ನನ್ನ ಕೆಲವು ಮಿತ್ರರಿಗೆ ಸೋಜಿಗವೆನಿಸಿತು. ಆದರೆ ಜೀವಿಯೊಂದನ್ನು ಸಾಕಿ, ಅದರ ಸಂತಾನವನ್ನು ಪರೀಕ್ಷಿಸಿ ಶುದ್ಧವಾಗಿ ಉಳಿಸಿಕೊಂಡು, ಅದು ತನ್ನೊಡಲಿನಿಂದ ಸ್ರವಿಸುವ ಪದಾರ್ಥವನ್ನು ಪೇಟೆಗೆ ಒಯ್ದು ಬದುಕುವ ಕಸುಬಿಗೆ ಜೈವಿಕ ಉದ್ಯಮವೆಂಬ ಹೆಸರು ಸಲ್ಲುವುದಾದರೆ, ರಾಜಧಾನಿಯಲ್ಲಿ ಅದರ ಫಲಕಗಳು ಏಳುವುದಕ್ಕೆ ಬಹುಕಾಲ ಮುಂಚೆಯೇ ಈ ಸೀಮೆಯ ಮನೆಗಳ ಗೋಡೆಗೆ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳು ಒರಗಿದ್ದವು. ನನ್ನನ್ನು ಅಧ್ಯಕ್ಷಸ್ಥಾನದಲ್ಲಿ ಕೂರಿಸಿದ ನಿಮ್ಮ ವಿಶ್ವಾಸಕ್ಕೆ ಕೃತಜ್ಞನಾಗಿ, ಈ ಎರಡು ಉದ್ಯಮಗಳನ್ನೂ ಒಟ್ಟಿಗೆ ಇಟ್ಟು ನೋಡಲು ಅನುಮತಿ ಬೇಡುತ್ತೇನೆ.

ಮೊದಲು ಅಂಕಿಗಳ ಮಾತು. ಭಾರತದ ಜೈವಿಕ ಆರ್ಥಿಕತೆಯ ಗಾತ್ರ 2014ರಲ್ಲಿ 10 ಶತಕೋಟಿ ಡಾಲರಿನಷ್ಟಿದ್ದುದು 2024ರ ಹೊತ್ತಿಗೆ 165.7 ಶತಕೋಟಿಗೆ ಏರಿತೆಂದೂ, 2030ಕ್ಕೆ 300 ಶತಕೋಟಿಯನ್ನು ಮುಟ್ಟಬೇಕೆಂದೂ ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತದೆ. ಸಂತೋಷದ ಸಂಗತಿಯೇ, ಆದರೆ ಆ ಮೊತ್ತದೊಳಗೆ ಇನ್ಸುಲಿನ್, ಲಸಿಕೆ, ಕಿಣ್ವಗಳ ಜೊತೆಗೆ, ಕಬ್ಬು ಮುಸುಕಿನ ಜೋಳಗಳಿಂದ ಬಟ್ಟಿಯಿಳಿಸಿ ಪೆಟ್ರೋಲಿಗೆ ಬೆರೆಸುವ ಎಥನಾಲೂ, ಬಿಟಿ ಹತ್ತಿಯೂ, ಹೊರದೇಶದ ಕಂಪನಿಗಳಿಗಾಗಿ ಮಾಡಿಕೊಡುವ ಕೂಲಿ ಸಂಶೋಧನೆಯೂ ಸೇರಿವೆಯೆಂಬುದನ್ನು ಅರಿಯದೆ ಹಿಗ್ಗುವುದು ವಿವೇಕವಲ್ಲ. ಬೆಳೆದದ್ದು ಎಷ್ಟು ಎಂಬುದು ಅದರಿಂದ ತಿಳಿಯುತ್ತದೆ. ಬೆಳೆದದ್ದರ ಮೂಲ ಯಾರ ಕೈಯಲ್ಲಿದೆ ಎಂಬುದು ತಿಳಿಯುವುದಿಲ್ಲ. ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚಿನದಾಗಿ ತೋರುತ್ತದೆ.

ಅದನ್ನು ಹಿಡಿದು ಮೊದಲು ರೇಷ್ಮೆಯ ಕಡೆ ನೋಡೋಣ. 1914ರ ಸುಮಾರಿಗೆ ಮೈಸೂರು ಸರ್ಕಾರವು ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿ ಇಲ್ಲೇ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆಯಿತು. ಅನಂತರ ರೇಷ್ಮೆ ಇಲಾಖೆಯ ಹೊಣೆ ಹೊತ್ತವರಲ್ಲಿ ನವರತ್ನ ರಾಮರಾಯರೂ ಒಬ್ಬರು. ಆ ಫಾರಂಗೆ ಬಂದ ವಿದ್ಯೆಯ ಮೂಲವು ವಿಜ್ಞಾನಿ ಪಾಶ್ಚರನದು: 1865ರಿಂದ ಕೆಲವು ವರ್ಷ ದಕ್ಷಿಣ ಫ್ರಾನ್ಸಿನಲ್ಲಿ ಕುಳಿತು, ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು ಆತ ತೋರಿಸಿಕೊಟ್ಟಿದ್ದ. ಅದರ ಆಧಾರದ ಮೇಲೆ ನಡೆಯುವ ತಾಯಿಚಿಟ್ಟೆಯ ಪರೀಕ್ಷೆಯನ್ನು ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಇಂದಿಗೂ ಕಾಣಬಹುದು. ಒಂದೊಂದು ಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮುಚ್ಚಿಟ್ಟು, ಹಾಳೆಯ ಮೇಲೆ ಅದು ನೂರಾರು ಮೊಟ್ಟೆಗಳನ್ನು ಉಂಗುರದಂತೆ ಇಟ್ಟಾದ ಮೇಲೆ, ಆ ಚಿಟ್ಟೆಯನ್ನು ಪುಟ್ಟ ಕಲ್ಬತ್ತಿನಲ್ಲಿ ಕ್ಷಾರದ ನೀರು ಬೆರೆಸಿ ಅರೆದು, ಒಂದು ತೊಟ್ಟನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಹೊಳೆಯುವ ಅಂಡಾಕಾರದ ಕಣಗಳು ಕಂಡುವೋ, ಆ ತಾಯಿಯ ಅಷ್ಟೂ ಮೊಟ್ಟೆ ಬೆಂಕಿಗೆ. ರೈತನು ಎಳೆಹುಳು ಸಾಕುವ ಚಾಕಿ ಮನೆಯಿಂದ ನಂಬಿಕೆಯಿಂದ ಹುಳು ತರುವುದಕ್ಕೂ, ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ ಹಣ್ಣುಹುಳುವನ್ನು ಚಂದ್ರಿಕೆಗೆ ಬಿಡುವುದಕ್ಕೂ ಆಧಾರ ಈ ಕಾಣದ ಕೆಲಸವೇ.

ಇನ್ನೊಂದು ಸಂಗತಿಯನ್ನು ನಿಮ್ಮಲ್ಲಿ ಅನೇಕರು ನನಗಿಂತ ಚೆನ್ನಾಗಿ ಬಲ್ಲಿರಿ. ಹಳದಿ ಗೂಡು ಕಟ್ಟುವ ಮಿಶ್ರತಳಿಯ ತಾಯಿ ನಮ್ಮ ಶುದ್ಧ ಮೈಸೂರು ತಳಿ. ಬಿಸಿಲನ್ನೂ ಬಡಕಲು ಸೊಪ್ಪನ್ನೂ ತಾಳಿಕೊಳ್ಳುವ ಈ ತಾಯಿಗೆ ಜಪಾನಿನ ಮೂಲದ, ಆಮೇಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ, ದ್ವಿತಳಿಯ ತಂದೆಯನ್ನು ಕೂಡಿಸಿದಾಗ ಹುಟ್ಟುವ ಹುಳುವಿನ ಕಸುವು ಮೊದಲ ಪೀಳಿಗೆಯಲ್ಲಿ ಮಾತ್ರ ಪೂರ್ಣವಾಗಿರುತ್ತದೆ. ಆದುದರಿಂದ ಬೆಳೆಗಾರನು ಪ್ರತಿ ಬೆಳೆಗೂ ಹೊಸ ಮೊಟ್ಟೆಯನ್ನೇ ಕೊಳ್ಳಬೇಕು. ಪರಾಧೀನತೆಯೇ ಇದು, ಆದರೂ ಇದು ಶೋಷಣೆಯಾಗಲಿಲ್ಲವೇಕೆಂದರೆ, ಮೂಲತಳಿಗಳು ಸಾರ್ವಜನಿಕ ಸಂಸ್ಥೆಗಳ ಸುಪರ್ದಿನಲ್ಲಿ ಉಳಿದುವು, ಮಾಗಡಿ ಕುಣಿಗಲ್ ಸೀಮೆಯ ಬಿತ್ತನೆ ಬೆಳೆಗಾರರು ಬೇರೆ ತಳಿಯ ಲಾಭಕ್ಕೆ ಆಸೆಪಡದೆ ತಾಯಿಯನ್ನು ಕಾಪಾಡಿದರು, 1959ರ ಕಾಯಿದೆಯು ಮೊಟ್ಟೆಯ ಉತ್ಪಾದನೆಗೂ ಗೂಡಿನ ಮಾರಾಟಕ್ಕೂ ಕಟ್ಟುಪಾಡು ವಿಧಿಸಿತು. ಏಷ್ಯದಲ್ಲಿಯೇ ದೊಡ್ಡದೆನಿಸಿದ ರಾಮನಗರದ ಮಾರುಕಟ್ಟೆಯಲ್ಲಿ, ಹಿಂದೆ ಕೂಗಿ ಹರಾಜಾಗುತ್ತಿದ್ದ ಲಾಟು ಈಗ ಮೊಬೈಲಿನಲ್ಲಿ ಹರಾಜಾದರೂ, ನೂಲು ತೆಗೆಯುವ ರೀಲರ್ ಹೇಳಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ಗೂಡು ತಂದವನಿಗೆ ಉಂಟು.

ಈಗ ಬೆಂಗಳೂರಿನ ಕಡೆ ನೋಡೋಣ. 1978ರಲ್ಲಿ ಕಿರಣ್ ಮಜುಂದಾರ್ ಅವರು ಬಾಡಿಗೆ ಮನೆಯೊಂದರ ಮೋಟಾರು ಕೊಟ್ಟಿಗೆಯಲ್ಲಿ, 10,000 ರೂಪಾಯಿ ಬಂಡವಾಳದೊಡನೆ, ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಬಯೋಕಾನ್ ತೆರೆದಾಗ ತಯಾರಾದದ್ದು ಪರಂಗಿಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವ, ಮತ್ತು ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಅಲ್ಲಿಂದ ಹೊರಟವರು 2004ರ ಹೊತ್ತಿಗೆ ಪೀಕಿಯ ಎಂಬ ಯೀಸ್ಟಿನಲ್ಲಿ ಮಾನವ ಇನ್ಸುಲಿನ್ ಬೆಳೆದು ಪೇಟೆಗೆ ತಂದರು. 1986ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹುಟ್ಟಿತ್ತು. 2001ರಲ್ಲಿ, ನಮ್ಮ ನೆರೆಯ ಮದ್ದೂರಿನವರಾದ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕವು ಈ ಉದ್ಯಮಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತ್ತು. 2004ರ ಏಪ್ರಿಲಿನಲ್ಲಿ ಬಯೋಕಾನ್ ಷೇರು ಪೇಟೆಗೆ ಬಂದ ಮೊದಲ ದಿನವೇ ಕಂಪನಿಯ ಮೌಲ್ಯ 100 ಕೋಟಿ ಡಾಲರನ್ನು ದಾಟಿತು.

ಷೇರು ಪೇಟೆಯ ಈ ಉತ್ಸಾಹವನ್ನು ನಾನು ಹೀಗಳೆಯುವವನಲ್ಲ. ಔಷಧವೊಂದು ಪ್ರಯೋಗಾಲಯದಿಂದ ರೋಗಿಯ ತೋಳಿಗೆ ಬರಲು ಹತ್ತು ವರ್ಷ ಹಿಡಿಯುವಲ್ಲಿ, ಸಾಲಕ್ಕೆ ತಿಂಗಳು ತಿಂಗಳು ಬಡ್ಡಿ ಕೇಳುವ ಬ್ಯಾಂಕಿಗಿಂತ ಲಾಭನಷ್ಟದ ಪಾಲುದಾರನೇ ಮೇಲು. ಆದರೆ ಆ ಪಾಲುದಾರನೂ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವವನೇ. ಒಂದು ಪ್ರಯೋಗ ಸೋತಿತೆಂದು ವರದಿ ಬಂದ ದಿನ ಬೆಲೆ ಕುಸಿಯುತ್ತದೆ. ಅಮೆರಿಕದ ಔಷಧ ಪ್ರಾಧಿಕಾರದ ತಪಾಸಣೆಯಲ್ಲಿ ತಕರಾರೆಂದರೂ ಕುಸಿಯುತ್ತದೆ. ಅಂಗೀಕಾರವೆಂದ ದಿನ ಏರುತ್ತದೆ. ಹೀಗಿರುವಾಗ ನಮ್ಮ ಕಂಪನಿಗಳು ಹೊಸ ಅಣುವನ್ನು ಅರಸುವ ಅಪಾಯಕ್ಕಿಂತ, ಪೇಟೆಂಟಿನ ಅವಧಿ ಮುಗಿದ ಜೈವಿಕ ಔಷಧದ ಸಮರೂಪವನ್ನು ಅಗ್ಗವಾಗಿ ತಯಾರಿಸುವ ಹಾದಿಯನ್ನೇ ಹಿಡಿದದ್ದು ಸಹಜ. 2017ರ ಡಿಸೆಂಬರಿನಲ್ಲಿ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳ ಟ್ರಾಸ್ಟುಜುಮಾಬ್ ಸಮರೂಪಕ್ಕೆ ಅಮೆರಿಕದ ಒಪ್ಪಿಗೆ ದೊರೆತಾಗ, ಸ್ತನ ಕ್ಯಾನ್ಸರಿನ ಆ ಔಷಧದ ಸಮರೂಪಗಳಲ್ಲಿ ಆ ದೇಶ ಒಪ್ಪಿಕೊಂಡ ಮೊದಲನೆಯದು ಅದಾಯಿತು. ಇದನ್ನು ಬರಿಯ ಅನುಕರಣವೆಂದು ಮೂಗು ಮುರಿಯುವವರು, ಇಟಲಿಯ ತಜ್ಞರನ್ನೂ ಜಪಾನಿನ ತಳಿಯನ್ನೂ ಕರೆತಂದು ಮೈಸೂರಿನ ತಾಯಿಗೆ ಕೂಡಿಸಿದ ನಮ್ಮ ಹಿರಿಯರನ್ನೂ ಅನುಕಾರಿಗಳೆಂದೇ ಕರೆಯಬೇಕಾದೀತು.

ಮೂಲವನ್ನು ಕೈಬಿಟ್ಟರೆ ಆಗುವುದೇನೆಂಬುದಕ್ಕೆ ಹತ್ತಿಯ ಕಥೆ ಇದೆ. 2002ರ ಮಾರ್ಚಿನಲ್ಲಿ ಒಪ್ಪಿಗೆ ಪಡೆದ, ಕಾಯಿಕೊರಕ ತಡೆಯುವ ಜೀನು ಸೇರಿಸಿದ ಬಿಟಿ ಹತ್ತಿ ಸುಮಾರು ಹತ್ತು ವರ್ಷಗಳಲ್ಲಿ ದೇಶದ ಹತ್ತಿಯ ಹೊಲಗಳಲ್ಲಿ ನೂರಕ್ಕೆ ತೊಂಬತ್ತನ್ನು ಮೀರಿ ಆವರಿಸಿತು. ಇಳುವರಿ ಹೆಚ್ಚಿದ್ದೂ ಸತ್ಯ, ಕಾಯಿಕೊರಕಕ್ಕೆ ಹೊಡೆಯುವ ವಿಷ ಆರಂಭದಲ್ಲಿ ಕಡಿಮೆಯಾದದ್ದೂ ಸತ್ಯ. ಆದರೆ ನಮ್ಮಲ್ಲಿ ಅದು ಬಂದದ್ದು ಸಂಕರ ಬೀಜದ ರೂಪದಲ್ಲಿ. ವರ್ಷ ವರ್ಷವೂ ಕೊಳ್ಳಬೇಕಾದ ಆ ಬೀಜದ ಜೀನೂ ತಂದೆತಾಯಿ ಸಾಲುಗಳೂ ಕಂಪನಿಗಳವಾಗಿದ್ದುವು. 450 ಗ್ರಾಮಿನ ಪೊಟ್ಟಣದ ಬೆಲೆ 1,600 ರೂಪಾಯಿ ದಾಟಿದಾಗ ಆಂಧ್ರಪ್ರದೇಶ ಸರ್ಕಾರವು ಏಕಸ್ವಾಮ್ಯ ಆಯೋಗದ ಮೆಟ್ಟಿಲು ಹತ್ತಿ, 2006ರಲ್ಲಿ ಅದನ್ನು 750ಕ್ಕೆ ಇಳಿಸಬೇಕಾಯಿತು. ಮುಂದೆ ಗುಲಾಬಿ ಕಾಯಿಕೊರಕವೂ ಆ ಬೀಜದ ಮೊದಲ ಜೀನಿಗೆ ಒಗ್ಗಿಕೊಂಡಿತು, 2010ರಲ್ಲಿ ಜೀನಿನ ಒಡೆತನದ ಕಂಪನಿಯವರೇ ಗುಜರಾತಿನಲ್ಲಿ ಹಾಗಾಗಿದೆಯೆಂದು ಒಪ್ಪಿದರು. ಅದೇ ವರ್ಷ ಬಿಟಿ ಬದನೆಗೆ ತಡೆ ಬಿದ್ದುದರಲ್ಲಿ ಈ ಕಹಿಯ ಪಾಲು ಇಲ್ಲದಿರಲಿಲ್ಲ. ರೇಷ್ಮೆಯ ಸಂಕರಕ್ಕೂ ಹತ್ತಿಯ ಸಂಕರಕ್ಕೂ ವಿಜ್ಞಾನದಲ್ಲಿ ಅಷ್ಟು ದೂರವಿಲ್ಲ, ದೂರವಿರುವುದು ಒಡೆತನದಲ್ಲಿ.

ಆದ್ದರಿಂದ ಈ ಮಧ್ಯಾಹ್ನ ನಿಮ್ಮ ಮುಂದೆ ಬರುವ ನಿರ್ಣಯದ ಕರಡಿಗೆ ನಾನು ಎರಡು ತಿದ್ದುಪಡಿ ಸೂಚಿಸುತ್ತೇನೆ. ಸರ್ಕಾರದ ಹಣದಿಂದ, ಸರ್ಕಾರದ ಪ್ರಯೋಗಾಲಯಗಳಲ್ಲಿ ರೂಪುಗೊಳ್ಳುವ ತಳಿ, ಜೀವಕೋಶ, ಸೂಕ್ಷ್ಮಾಣುಗಳನ್ನು ಕಂಪನಿಗಳಿಗೆ ಬಳಸಲು ಕೊಡಲಿ, ರಾಜಧನ ಪಡೆಯಲಿ. ಆದರೆ ಮೂಲದ ಹಕ್ಕನ್ನು ಮಾರಬಾರದು. ಎರಡನೆಯದು ಇನ್ನೂ ಹತ್ತಿರದ್ದು. ದ್ವಿತಳಿಯ ಬಿಳಿ ಗೂಡಿಗೆ ಒಳ್ಳೆಯ ಧಾರಣೆ ಬಂದಾಗ ಮಾಗಡಿಯ ಬಿತ್ತನೆ ಬೆಳೆಗಾರನ ಮನಸ್ಸು ಅತ್ತ ವಾಲುವುದು ಮನುಷ್ಯಸಹಜ. ಅವನನ್ನು ಕಾಯಿದೆಯ ಬೆದರಿಕೆಯೊಂದರಿಂದಲೇ ಶುದ್ಧ ಮೈಸೂರಿಗೆ ಕಟ್ಟಿಹಾಕಲಾಗದು. ಬಿತ್ತನೆ ಗೂಡಿನ ಬೆಲೆಯನ್ನು ಮಾರುಕಟ್ಟೆಯ ದ್ವಿತಳಿ ಗೂಡಿನ ಬೆಲೆಯೊಡನೆ ಹೊಂದಿಸಿ, ಅದಕ್ಕಿಂತ ಎಷ್ಟು ಮೇಲಿರಬೇಕೆಂಬುದನ್ನು ಬಿತ್ತನೆ ಬೆಳೆಗಾರರ ಸಮಕ್ಷಮದಲ್ಲಿಯೇ ನಿಗದಿಮಾಡಬೇಕು. ಆ ಅಂತರ ಎಷ್ಟಿರಬೇಕೆಂದು ಹೇಳಲು ನನಗಿಂತ ಅರ್ಹರು ಮಾಗಡಿಯಿಂದ ಬಂದು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಚರ್ಚೆಯನ್ನು ಅವರೇ ಆರಂಭಿಸಬೇಕೆಂದು ಕೋರುತ್ತೇನೆ.