ಮೀನಿಗಿಂತ ಮೊದಲು ನೀರು

ನವಿ ಮುಂಬಯಿಯ ಸೀವುಡ್ಸ್‌ನಂತಹ ಬಡಾವಣೆಗಳ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ಕುಟುಂಬಗಳಿಗೆ ಗಾಜಿನ ಮೀನುತೊಟ್ಟಿಯೊಂದು ಪುಟ್ಟ ಕೊಳವೇ ಸರಿ. ಆದರೆ ಬೆಳಿಗ್ಗೆ ತೊಟ್ಟಿಯನ್ನು ಕೊಂಡು, ಸಂಜೆಯೊಳಗೆ ಹತ್ತಾರು ಮೀನುಗಳನ್ನು ಬಿಟ್ಟು, ವಾರ ಕಳೆಯುವುದರೊಳಗೆ ಅವು ಒಂದೊಂದಾಗಿ ಸತ್ತು ತೇಲುವುದನ್ನು ಕಂಡು ಮರುಗುವ ಮಕ್ಕಳು ಎಷ್ಟೋ ಮಂದಿ. ನೀರು ತಿಳಿಯಾಗಿಯೇ ಇದ್ದಿತು; ಮೀನು ಸತ್ತುದೇಕೆ?

ರಾಯಗಡ ಜಿಲ್ಲೆಯ ಖಾಲಾಪುರದ ಬಳಿಯ ಮೋರ್ಬೆ ಜಲಾಶಯವು ನವಿ ಮುಂಬಯಿಯ ಮುಖ್ಯ ಜಲಮೂಲ. ಜಲಾಶಯದ ನೀರು ಮೀನಿಗೆ ಒಗ್ಗುತ್ತದೆ. ಅದೇ ನೀರು ರೋಗಾಣುನಾಶಕ್ಕಾಗಿ ಕ್ಲೋರಿನ್ ಬೆರೆತು ನಲ್ಲಿಗೆ ಬಂದಾಗ ಮನುಷ್ಯರಿಗೆ ಹಿತ. ಮೀನಿನ ಕಿವಿರುಗಳಿಗೆ ಅಹಿತ.

ಎರಡನೆಯ ಕಾರಣ ಕಣ್ಣಿಗೆ ಕಾಣದು. ಮೀನಿನ ಕಿವಿರು ಮತ್ತು ಮಲದಿಂದಲೂ, ಉಳಿದು ಕೊಳೆತ ಆಹಾರದಿಂದಲೂ ಅಮೋನಿಯ ಎಂಬ ವಿಷವಸ್ತು ನೀರಿಗೆ ಸೇರುತ್ತದೆ. ಕೆರೆಹೊಳೆಗಳ ಕಲ್ಲು, ಮರಳುಗಳ ಮೇಲೆ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಗಳು ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸಿದರೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಸಹ ವಿಷವೇ. ನೈಟ್ರೇಟ್ ಅಷ್ಟಾಗಿ ಬಾಧಕವಲ್ಲ, ಜಲಸಸ್ಯಗಳಿಗೆ ಅದು ಗೊಬ್ಬರ. ಈ ಬ್ಯಾಕ್ಟೀರಿಯಗಳನ್ನು ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರಲ್ಲಿ ಬೇರ್ಪಡಿಸಿ ತೋರಿಸಿದರು. ಹೊಸ ತೊಟ್ಟಿಯಲ್ಲಿ ಇವು ಬೆಳೆದು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು.

ಆದುದರಿಂದ ಸಿದ್ಧತೆಯನ್ನು ಕ್ರಮವಾಗಿ ಮಾಡಬೇಕು. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ತೊಟ್ಟಿಯಲ್ಲಿ 54 ಲೀಟರ್ ನೀರು ಹಿಡಿಯುತ್ತದೆ. ಆ ನೀರೊಂದರ ತೂಕವೇ 54 ಕಿಲೋಗ್ರಾಂ. ಸಮತಟ್ಟಾದ, ಗಟ್ಟಿಯಾದ ಮೇಜು ಅವಶ್ಯ. ನೇರ ಬಿಸಿಲು ಬಿದ್ದರೆ ಪಾಚಿ ಹೆಚ್ಚುತ್ತದೆ. ತೊಟ್ಟಿಯನ್ನೂ ಕಲ್ಲುಗಳನ್ನೂ ಬರಿಯ ನೀರಿನಿಂದ ತೊಳೆಯಬೇಕು, ಸಾಬೂನು ಕೂಡದು. ನೀರು ತುಂಬಿ, ಅಂಗಡಿಗಳಲ್ಲಿ ದೊರೆಯುವ ಕ್ಲೋರಿನ್ ನಿವಾರಕವನ್ನು ಸೂಚಿತ ಪ್ರಮಾಣದಲ್ಲಿ ಬೆರೆಸಿ, ಫಿಲ್ಟರನ್ನು ಹಗಲಿರುಳೂ ನಡೆಸಬೇಕು. ಮೀನಿಲ್ಲದಿದ್ದರೂ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿದರೆ, ಅದು ಕೊಳೆತು ಬರುವ ಅಮೋನಿಯವೇ ಬ್ಯಾಕ್ಟೀರಿಯಗಳಿಗೆ ಆಹಾರವಾಗುತ್ತದೆ. ನೆರೆಮನೆಯಲ್ಲಿ ಹಳೆಯ, ರೋಗರಹಿತ ತೊಟ್ಟಿಯಿದ್ದರೆ ಅದರ ಫಿಲ್ಟರಿನ ಸ್ಪಂಜಿನ ತುಂಡೊಂದನ್ನು ತಂದಿಡುವುದು ಹಾಲಿಗೆ ಹೆಪ್ಪು ಹಾಕಿದಂತೆ. ಕಾಯುವ ಅವಧಿ ಕಡಮೆಯಾಗುತ್ತದೆ.

ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಮೊದಲು ಏರಿ, ಅನಂತರ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಂಡುಬಂದರೆ ತೊಟ್ಟಿ ಸಿದ್ಧವಾದಂತೆ. ಆಗ ಸ್ವಲ್ಪ ನೀರನ್ನು ಬದಲಿಸಿ, ಎರಡು ಮೂರು ಸಣ್ಣ ಮೀನುಗಳನ್ನಷ್ಟೇ ತರಬೇಕು. ಮೀನಿರುವ ಚೀಲವನ್ನು 15ರಿಂದ 20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟರೆ ಉಷ್ಣತೆ ಹೊಂದಿಕೊಳ್ಳುತ್ತದೆ. ಉಳಿದ ಮೀನುಗಳನ್ನು ಕೆಲವು ವಾರಗಳ ಅಂತರದಲ್ಲಿ ಸೇರಿಸಬಹುದು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡುವುದು ಲೇಸು.

ಬರಿದಾದ ತೊಟ್ಟಿಯ ಮುಂದೆ ಒಂದು ತಿಂಗಳು ಕಾಯುವುದು ಮಕ್ಕಳಿಗೆ ಕಷ್ಟವೇ. ಆದರೂ ಪ್ರತಿ ವಾರದ ಪರೀಕ್ಷೆಯ ಅಂಕಿಗಳನ್ನು ಅವರಿಂದಲೇ ಬರೆಸಿದರೆ, ನೀರು ಜೀವಂತವಾಗುವ ಬಗೆಯನ್ನು ಅವರು ಕಣ್ಣಾರೆ ಕಾಣುವರು. ಜೀವಿಯೊಂದನ್ನು ಮನೆಗೆ ತರುವ ಮುನ್ನ ಅದಕ್ಕೆ ನೆಲೆಯನ್ನು ಅಣಿಗೊಳಿಸುವುದು ಸಾಕುವವರ ಮೊದಲ ಹೊಣೆ.